15 ಕಿಲೋದ ಲೆಕ್ಕ: ಸಫಾರಿಯ ಪುಟ್ಟ ವಿಮಾನಕ್ಕೆ ಯಾವ ಬ್ಯಾಗ್, ಯಾವ ಲೆನ್ಸ್, ಏನನ್ನು ಬಿಟ್ಟು ಹೋಗಬೇಕು

ಕೆನ್ಯಾದ ಮಸಾಯಿ ಮಾರಾ ಕಾಡಿಗೆ ಸಫಾರಿ ಹೊರಟವರು ಮೊದಲು ಬಟ್ಟೆಯ ಪಟ್ಟಿ ಮಾಡುತ್ತಾರೆ. ಎಷ್ಟು ಪ್ಯಾಂಟು, ಎಷ್ಟು ಟೀ ಶರ್ಟು, ಸ್ವೆಟರ್ ಬೇಕಾ ಬೇಡವಾ ಅಂತ. ನನ್ನ ಪ್ರಕಾರ ಆ ಪಟ್ಟಿ ಕೊನೆಗೆ ಬರಬೇಕು. ನಿಮ್ಮ ಪ್ರವಾಸದಲ್ಲಿ ಹತ್ತಬೇಕಾದ ಅತಿ ಚಿಕ್ಕ ವಿಮಾನ ಯಾವುದು ಅನ್ನೋದು ಮೊದಲು ಗೊತ್ತಾಗಲಿ. ಅದರ ಮೇಲೆ ಬ್ಯಾಗ್ ತೀರ್ಮಾನವಾಗುತ್ತದೆ. ಬ್ಯಾಗ್ ಆದಮೇಲೆ ಕ್ಯಾಮೆರಾ. ಉಳಿದ ತೂಕಕ್ಕೆ ಬಟ್ಟೆ. ಮನೆಯಲ್ಲಿ ಪ್ಯಾಕಿಂಗ್ ಜಗಳ ಆಗೋದು ಈ ಕ್ರಮ ತಲೆಕೆಳಗಾದಾಗಲೇ.

ಬೆಂಗಳೂರಿನಿಂದ ಮುಂಬೈ ಮೇಲೋ ಆಡಿಸ್ ಅಬಾಬಾ ಮೇಲೋ ನೈರೋಬಿಗೆ ಹೋಗುವ ದೊಡ್ಡ ವಿಮಾನದಲ್ಲಿ, ಟಿಕೆಟ್ ನೋಡಿಕೊಂಡು, 23 ಕಿಲೋದ ಒಂದೋ ಎರಡೋ ಬ್ಯಾಗ್ ಬಿಡುತ್ತಾರೆ. ಜೊತೆಗೆ ಕೈಚೀಲ. ಎಲ್ಲವೂ ಆರಾಮ. ಆದರೆ ಮಾರಾಗೆ ಹೋಗುವ ವಿಮಾನ ಆ ದೊಡ್ಡ ಏರ್‌ಪೋರ್ಟಿನಿಂದ ಹೊರಡುವುದಿಲ್ಲ. ಊರಿನೊಳಗೆ ಲಂಗಾಟಾ ರಸ್ತೆಯಲ್ಲಿರುವ ವಿಲ್ಸನ್ ಏರ್‌ಪೋರ್ಟಿಗೆ ಹೋಗಬೇಕು. ಅಲ್ಲಿ ಒಬ್ಬರಿಗೆ 15 ಕಿಲೋ. ಕೈಚೀಲ, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲಾ ಸೇರಿ 15.

ದೇಶಕ್ಕೊಂದು ಲೆಕ್ಕ

ಕೆನ್ಯಾದಲ್ಲಿ ಸಫಾರಿಲಿಂಕ್, ಏರ್‌ಕೆನ್ಯಾದಂಥ ಕಂಪನಿಗಳ ಲೆಕ್ಕ ಈ 15 ಕಿಲೋ. ಟಾಂಜಾನಿಯಾದಲ್ಲೂ ಹೆಚ್ಚುಕಡಿಮೆ ಇಷ್ಟೇ, ಕೆಲವು ಟಿಕೆಟ್‌ಗಳಲ್ಲಿ 20 ಇರುತ್ತದೆ. ಬೋಟ್ಸ್‌ವಾನಾದ ಒಕವಾಂಗೊ ಡೆಲ್ಟಾಕ್ಕೆ (ನದಿ ಹರಡಿಕೊಂಡು ಆದ ಜೌಗು ನಾಡು) ಹೋಗುವವರಿಗೆ ಸಾಮಾನ್ಯವಾಗಿ 20.

20 ಅಂದ ತಕ್ಷಣ ಬೋಟ್ಸ್‌ವಾನಾ ಧಾರಾಳ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ತೂಕಕ್ಕಿಂತ ಅಳತೆಗೆ ಬಿಗಿ ಜಾಸ್ತಿ. ಬ್ಯಾಗ್ ಸುಮಾರು 62 ಸೆಂಟಿಮೀಟರ್ ಉದ್ದ, 30 ಎತ್ತರ, 25 ಅಗಲದೊಳಗೆ ಇರಬೇಕು ಅಂತ ಹೇಳುತ್ತಾರೆ. ಒಳಗೆ ಫ್ರೇಮ್ ಇರಬಾರದು, ಚಕ್ರವೂ ಬೇಡ. ಮೌನ್‌ಊರಿನಿಂದ ಡೆಲ್ಟಾದ ಕ್ಯಾಂಪಿಗೆ ಹಾರುವಾಗ ಐದು ಜನ ಕೂರುವ ಸೆಸ್ನಾ 206 ಬಂದರೂ ಬರಬಹುದು, ಅದಕ್ಕೆ ಈ ಬಿಗಿ. ಪ್ರಯಾಣಿಕರ ತೂಕವನ್ನೂ ಮೊದಲೇ ಕೇಳುತ್ತಾರೆ. 100 ಕಿಲೋ ಮೇಲಿದ್ದರೆ ಬುಕಿಂಗ್ ಮಾಡುವಾಗಲೇ ಹೇಳಬೇಕು, ಇನ್ನೊಂದು ಸೀಟಿನ ದುಡ್ಡೂ ಬೀಳಬಹುದು. ಇದರಲ್ಲಿ ಮುಜುಗರ ಪಡುವಂಥದ್ದೇನಿಲ್ಲ. ಪೈಲಟ್‌ಗೆ ಬೇಕಿರುವುದು ಒಂದು ಅಂಕಿ, ಅಷ್ಟೇ.

ಎರಡು ದೇಶ ಸೇರಿಸಿ ಹೋಗುವವರು ಕಡಿಮೆ ಇರುವ ಲೆಕ್ಕವನ್ನೇ ಹಿಡಿಯಿರಿ. ಮಾರಾದಿಂದ ಟಾಂಜಾನಿಯಾದ ಸೆರೆಂಗೆಟಿಗೆ ದಾಟುವ ಒಂದು ಜನಪ್ರಿಯ ದಾರಿ ಹೀಗಿದೆ. ಮಾರಾದಿಂದ ಮಿಗೋರಿಗೆ ಒಂದು ವಿಮಾನ, ಇಸಬಾನಿಯಾ ಗಡಿಯನ್ನು ರಸ್ತೆಯಲ್ಲಿ ದಾಟುವುದು, ಆಚೆ ತರಿಮೆಯಿಂದ ಇನ್ನೊಂದು ಕಂಪನಿಯ ಇನ್ನೊಂದು ವಿಮಾನ. ಒಂದು ಕಂಪನಿ ಸ್ವಲ್ಪ ನೋಡದಂತೆ ಬಿಟ್ಟರೂ ಮುಂದಿನದ್ದು ಬಿಡಬೇಕಲ್ಲ.

ಇಷ್ಟೊಂದು ಬಿಗಿ ಯಾಕೆ

ಈ ದಾರಿಗಳಲ್ಲಿ ಹೆಚ್ಚಾಗಿ ಓಡುವುದು ಸೆಸ್ನಾ ಗ್ರಾಂಡ್ ಕ್ಯಾರವಾನ್. ಒಂದೇ ಪ್ರೊಪೆಲ್ಲರ್, ಹನ್ನೆರಡು ಜನರ ಆಸುಪಾಸು. ತಲೆ ಮೇಲೆ ಸಾಮಾನಿಡುವ ಖಾನೆ ಇಲ್ಲ. ನಿಮ್ಮ ಬ್ಯಾಗ್ ಹೋಗುವುದು ವಿಮಾನದ ಹೊಟ್ಟೆಯಡಿ ಅಂಟಿಸಿದಂತಿರುವ ಉದ್ದನೆಯ ಪೆಟ್ಟಿಗೆಗೆ. ಅದರ ಬಾಗಿಲು ಪಕ್ಕದಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿದೆ. ಬ್ಯಾಗ್ ತುಂಬುವವರು ಮಣ್ಣಿನ ಮೇಲೆ ಮಂಡಿಯೂರಿ ಒಂದೊಂದನ್ನೇ ಒಳಗೆ ತಳ್ಳುತ್ತಾರೆ. ಮೆತ್ತಗಿನ ಬ್ಯಾಗ್ ಆದರೆ ಮೊಣಕೈಯಿಂದ ಒತ್ತಿ ಮೂಲೆಗೆ ಸೇರಿಸುತ್ತಾರೆ. ಗಟ್ಟಿ ಟ್ರಾಲಿ ಬಂದರೆ ಅದನ್ನು ಅಡ್ಡ, ಉದ್ದ, ತಲೆಕೆಳಗು ಎಲ್ಲಾ ಮಾಡಿ ನೋಡಿ, ಕೊನೆಗೆ ಪಕ್ಕಕ್ಕಿಟ್ಟು ನಿಮ್ಮ ಮುಖ ನೋಡುತ್ತಾರೆ.

ತೂಕದ ವಿಷಯಕ್ಕೆ ಬಂದರೆ, ವಿಲ್ಸನ್ ಏರ್‌ಪೋರ್ಟ್ ಇರುವುದೇ ಸಮುದ್ರಮಟ್ಟದಿಂದ ಸುಮಾರು 1,690 ಮೀಟರ್ ಎತ್ತರದಲ್ಲಿ. ಮಾರಾದ ಏರ್‌ಸ್ಟ್ರಿಪ್‌ಗಳೂ 1,500 ಮೀಟರ್ ದಾಟಿದವು. ಎತ್ತರದಲ್ಲಿ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ, ಎಂಜಿನ್ನಿನ ಶಕ್ತಿಯೂ ಕಡಿಮೆ. ಹಾಗಾಗಿ ಮೇಲೇಳಲು ಹೆಚ್ಚು ಉದ್ದ ಓಡಬೇಕು. ಓಡಲು ಇರುವುದು ಗಿಡ್ಡನೆಯ ಮಣ್ಣಿನ ಪಟ್ಟಿ. ಇದರ ಜೊತೆ ಭಾರ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ. ಅದಕ್ಕೇ ಪೈಲಟ್ ಕೆಲವೊಮ್ಮೆ ನಿಮ್ಮನ್ನು ಎಬ್ಬಿಸಿ ಹಿಂದಿನ ಸೀಟಿಗೆ ಕಳಿಸುತ್ತಾರೆ.

ಇಲ್ಲಿ ಒಂದು ಮಾತು. ಲೆನ್ಸನ್ನು ಜಾಕೆಟ್ಟಿನ ಜೇಬಿಗೆ ತುರುಕಿ ತಕ್ಕಡಿಯಿಂದ ತಪ್ಪಿಸಿಕೊಳ್ಳುವ ಉಪಾಯವನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ದೊಡ್ಡ ವಿಮಾನದಲ್ಲಿ ಅದು ದುಡ್ಡು ಉಳಿಸುವ ಆಟ. ಇಲ್ಲಿ ನೀವು ಮೋಸ ಮಾಡುತ್ತಿರುವುದು ನಿಮ್ಮನ್ನು ಹೊತ್ತು ಹಾರುವ ವಿಮಾನದ ಲೆಕ್ಕಕ್ಕೆ. ಬೇಡ.

ಬ್ಯಾಗ್: ಡಫಲ್, ರಕ್‌ಸ್ಯಾಕ್, ಚಕ್ರದ ಡಫಲ್, ಟ್ರಾಲಿ

ಟ್ರಾಲಿಯನ್ನು ಮೊದಲೇ ತೆಗೆದುಹಾಕಿಬಿಡೋಣ. ದೊಡ್ಡ ಟ್ರಾಲಿ ಖಾಲಿಯಿದ್ದಾಗಲೇ 4 ಕಿಲೋ ಹತ್ತಿರ ತೂಗುತ್ತದೆ. 15ರಲ್ಲಿ ಕಾಲು ಭಾಗ ಬರೀ ಪೆಟ್ಟಿಗೆಗೆ ಹೋಯಿತು. ಪೆಟ್ಟಿಗೆಯೂ ಒಳಗೆ ಹಿಡಿಸಲಿಲ್ಲ.

ಚಕ್ರ ಇರುವ ಡಫಲ್ (ಉದ್ದನೆಯ ಬಟ್ಟೆಯ ಬ್ಯಾಗ್) ನೋಡಲು ಒಳ್ಳೆ ರಾಜಿ ಸೂತ್ರದಂತಿದೆ. ಆದರೆ ಚಕ್ರ ಇದ್ದಲ್ಲಿ ಅಡಿಯಲ್ಲಿ ಗಟ್ಟಿ ಹಲಗೆ, ಒಳಗೆ ಎಳೆಯುವ ಹಿಡಿಕೆಯ ಕಂಬಿ ಇದ್ದೇ ಇರುತ್ತದೆ. ಕೆನ್ಯಾದಲ್ಲಿ ಸಣ್ಣ ಅಳತೆಯದ್ದಾದರೆ ಒಪ್ಪಿಕೊಂಡಾರು, ಬೋಟ್ಸ್‌ವಾನಾದಲ್ಲಿ ನಂಬಿಕೊಂಡು ಹೋಗಬೇಡಿ. ಇನ್ನು ಚಕ್ರ ಉರುಳಿಸೋದಾದರೂ ಎಲ್ಲಿ? ಏರ್‌ಸ್ಟ್ರಿಪ್ಪಿನಲ್ಲಿ ಜಲ್ಲಿ, ಕ್ಯಾಂಪಿನಲ್ಲಿ ಮರಳು. ಜೀಪಿನಿಂದ ಟೆಂಟಿನವರೆಗೆ ಬ್ಯಾಗ್ ಹೊರಲು ಕ್ಯಾಂಪಿನವರೇ ಬರುತ್ತಾರೆ. ಬೆನ್ನುನೋವು ಇರುವವರಿಗೆ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಮಾತ್ರ ಚಕ್ರ ಬೇಕಾಗುತ್ತದೆ. ಅಲ್ಲಿ ತಳ್ಳುಗಾಡಿ ಸಿಗುತ್ತದಲ್ಲ.

ಟ್ರೆಕ್ಕಿಂಗ್ ರಕ್‌ಸ್ಯಾಕ್ ಮನೆಯಲ್ಲಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ, ಆದರೆ ಬೆನ್ನಿಗೆ ಲೋಹದ ಫ್ರೇಮ್ ಇದೆಯಾ ನೋಡಿ. ಕಳಚಲು ಬರುವುದಾದರೆ ಕಳಚಿ. ಪಟ್ಟಿಗಳನ್ನೆಲ್ಲ ಒಳಗೆ ಕಟ್ಟಿಡಿ, ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತವೆ. ಇದರ ದೊಡ್ಡ ತೊಂದರೆ ಬೇರೆ. ಮೇಲಿನಿಂದ ಮಾತ್ರ ತೆರೆಯುವ ರಕ್‌ಸ್ಯಾಕ್‌ನಲ್ಲಿ ಬೆಳಗಿನ ಜಾವ ಐದಕ್ಕೆ ಟಾರ್ಚ್ ಬೆಳಕಲ್ಲಿ ಕಾಲುಚೀಲ ಹುಡುಕಿ ನೋಡಿ, ಗೊತ್ತಾಗುತ್ತೆ.

ಕೊನೆಗೆ ಉಳಿಯುವುದು ಮೆತ್ತನೆಯ, ಚಕ್ರವಿಲ್ಲದ ಡಫಲ್. 40ರಿಂದ 55 ಲೀಟರ್ ಸಾಕು. ತೂಕ ಒಂದು ಕಿಲೋ ಆಸುಪಾಸು. ಇದನ್ನೇ ಕೊಳ್ಳಿ ಅನ್ನುತ್ತೇನೆ. ಬ್ರ್ಯಾಂಡ್ ಯಾವುದಾದರೂ ಆಗಲಿ, ಮೂರು ವಿಷಯ ನೋಡಿ. ಜಿಪ್ಪು ಉದ್ದಕ್ಕೂ ತೆರೆಯಬೇಕು. ಬಟ್ಟೆ ದೂಳಿಗೆ ಜಗ್ಗದಂಥದ್ದಾಗಿರಬೇಕು, ಮಾರಾದ ದೂಳು ಹತ್ತಿಯ ಕ್ಯಾನ್ವಾಸಿನೊಳಗೆ ಸಲೀಸಾಗಿ ಇಳಿಯುತ್ತದೆ. ಹೆಗಲಿಗೆ ಹಾಕುವ ಪಟ್ಟಿ ಇರಬೇಕು. 70 ಲೀಟರ್‌ನದ್ದನ್ನು ಮಾತ್ರ ಕೊಳ್ಳಬೇಡಿ. ಜಾಗ ಖಾಲಿ ಕಂಡರೆ ತುಂಬದೆ ಬಿಡುವವರು ನಮ್ಮಲ್ಲಿ ಯಾರಿದ್ದಾರೆ?

ನಿಜವಾದ ಕಷ್ಟ: ಕ್ಯಾಮೆರಾ

ಬೆಂಗಳೂರಿನಿಂದ ಮಾರಾಗೆ ಹೋಗುವ ಗುಂಪುಗಳಲ್ಲಿ ಅರ್ಧಕ್ಕರ್ಧ ಜನ ಕಬಿನಿ, ಬಂಡೀಪುರದಲ್ಲಿ ಕೈ ಪಳಗಿಸಿಕೊಂಡವರು. ಕಬಿನಿಯಲ್ಲಿ ಗಾಡಿ ದಾರಿ ಬಿಟ್ಟು ಇಳಿಯುವ ಹಾಗಿಲ್ಲ. ಕಾಡು ದಟ್ಟ, ಚಿರತೆ ಎಲ್ಲೋ ದೂರದ ಕೊಂಬೆಯ ಮೇಲೆ. ಅದಕ್ಕೇ ದೂರದ್ದನ್ನು ಹತ್ತಿರ ತರುವ ದೊಡ್ಡ 600 ಎಂ.ಎಂ. ಲೆನ್ಸ್ ಬೇಕೇಬೇಕು ಅನ್ನುವ ನಂಬಿಕೆ ಗಟ್ಟಿಯಾಗಿದೆ. ಮಾರಾದ ಸುತ್ತಲಿನ ಖಾಸಗಿ ಕನ್ಸರ್ವೆನ್ಸಿಗಳಲ್ಲಿ (ವನ್ಯಜೀವಿಗಳಿಗೆ ಬಿಟ್ಟ ಖಾಸಗಿ ಜಮೀನು), ಒಕವಾಂಗೊದ ಖಾಸಗಿ ಪ್ರದೇಶಗಳಲ್ಲಿ ಗಾಡಿಯನ್ನು ಹುಲ್ಲಿನೊಳಗೆ ಇಳಿಸಲು ಬಿಡುತ್ತಾರೆ. ಸಿಂಹ ಗಾಡಿಯ ನೆರಳಲ್ಲೇ ಬಂದು ಮಲಗುವುದುಂಟು. ಆಗ 600ರಲ್ಲಿ ಸಿಗುವುದು ಅದರ ಮೂಗು ಮಾತ್ರ.

ಅಂಕಿಯನ್ನೇ ಇಟ್ಟು ನೋಡೋಣ. ನಿಕಾನ್‌ನವರ ಲೆಕ್ಕ ಹೇಳುತ್ತೇನೆ, ಕೆನಾನ್, ಸೋನಿಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ.

ಝಡ್ 600 ಎಂ.ಎಂ. ಎಫ್/4 ಲೆನ್ಸ್ (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ) 3.26 ಕಿಲೋ. ಅದರ ಜೊತೆ ಝಡ್ 9 ಬಾಡಿ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ, 1.34 ಕಿಲೋ. ಎರಡೇ ಸೇರಿ 4.6. ಇದಕ್ಕೆ ಇನ್ನೊಂದು ಬಾಡಿ, ಸಣ್ಣ ಝೂಮ್, ಬ್ಯಾಟರಿ, ಚಾರ್ಜರ್, ಲ್ಯಾಪ್‌ಟಾಪ್, ದಪ್ಪ ಪ್ಯಾಡಿಂಗಿನ ಕ್ಯಾಮೆರಾ ಬ್ಯಾಗ್ ಸೇರಿಸಿ. ಹತ್ತು ಕಿಲೋ ಮುಟ್ಟುವುದು ಕಷ್ಟವೇನಲ್ಲ. ಡಫಲ್‌ಗೆ ಒಂದು ಕಿಲೋ ಹೋದರೆ ಬಟ್ಟೆ, ಚಪ್ಪಲಿ, ಔಷಧಿಗೆ ಉಳಿಯುವುದು ನಾಲ್ಕು.

ಅದರ ಬದಲು ಅದೇ ಉದ್ದದ 600 ಎಂ.ಎಂ. ಎಫ್/6.3 ಹಿಡಿದರೆ ಕಾಲರ್ (ಲೆನ್ಸನ್ನು ಸ್ಟ್ಯಾಂಡಿಗೆ ಕೂರಿಸುವ ಉಂಗುರ) ಸೇರಿ 1.47 ಕಿಲೋ. ಝಡ್ 8 ಬಾಡಿ 910 ಗ್ರಾಂ. ಎರಡೂ ಸೇರಿ 2.4 ಕಿಲೋದೊಳಗೆ. ಬರೀ ಈ ಜೋಡಿಯಲ್ಲೇ ಎರಡು ಕಿಲೋಗಿಂತ ಜಾಸ್ತಿ ಉಳಿಯಿತು. ಕಳೆದುಕೊಂಡದ್ದು ಒಂದೂ ಕಾಲು ಸ್ಟಾಪಿನಷ್ಟು ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಬೆಳಗಿನ ಜಾವದ ಮಬ್ಬಿನಲ್ಲಿ ಅದು ಕಾಣಿಸುತ್ತದೆ, ಇಲ್ಲ ಅನ್ನುವುದಿಲ್ಲ. ಹಿಂಬದಿಯನ್ನು ಮಸುಕು ಮಾಡುವುದರಲ್ಲೂ ಎಫ್/4 ಮೇಲು.

ಝೂಮ್ ಬೇಕೆನ್ನುವವರಿಗೆ 180-600, ಕಾಲರ್ ಸೇರಿ 2.14 ಕಿಲೋ. ಕೆನಾನ್‌ನವರಿಗೆ 100-500, ಕಾಲರ್ ಬಿಟ್ಟರೆ 1.37 ಕಿಲೋ. ಮೊದಲ ಸಲ ಆಫ್ರಿಕಾಗೆ ಹೋಗುವವರಿಗೆ ನನ್ನ ಓಟು ಝೂಮ್‌ಗೆ. ಆನೆ ಹಿಂಡು ದೂರದಿಂದ ನಡೆದು ಬರುತ್ತಾ ಗಾಡಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆ ದೂಳಿನಲ್ಲಿ ಲೆನ್ಸ್ ಬದಲಿಸುತ್ತಾ ಕೂರುವುದಕ್ಕಿಂತ ಇದು ಲೇಸು. ಚಿತ್ರ ಮಾರಿ ಹೊಟ್ಟೆ ಹೊರೆಯುವವರು, ಸ್ಪರ್ಧೆಗೆ ಕಳಿಸುವವರು ಎಫ್/4 ತರಲಿ. ಅವರಿಗೆ ಕೆಳಗೆ ಬೇರೆ ದಾರಿ ಹೇಳಿದ್ದೇನೆ.

ಟ್ರೈಪಾಡ್ ಬೇಡ. ಗಾಡಿಯೊಳಗೆ ಅದರ ಕಾಲು ಬಿಚ್ಚಲೂ ಜಾಗವಿಲ್ಲ. ಖಾಲಿ ಬೀನ್‌ಬ್ಯಾಗ್ (ಲೆನ್ಸಿಗೆ ಆಸರೆಯಾಗಿಡುವ ಚೀಲ) ಒಯ್ಯಿರಿ, ಅಲ್ಲೇ ಅಕ್ಕಿಯೋ ಹುರುಳಿಕಾಳೋ ತುಂಬಿಸಿಕೊಡುತ್ತಾರೆ. ಬಹಳಷ್ಟು ಕ್ಯಾಂಪ್‌ಗಳಲ್ಲಿ ತುಂಬಿದ್ದೇ ಇರುತ್ತದೆ, ಮೊದಲೇ ಕೇಳಿ. ಲ್ಯಾಪ್‌ಟಾಪಿಗೆ ಬದಲು ಮೆಮೊರಿ ಕಾರ್ಡ್ ಜಾಸ್ತಿ ಇಟ್ಟುಕೊಂಡರೂ ನಡೆಯುತ್ತದೆ. ಕಾರ್ಡ್ ಕಳೆದರೆ ಅನ್ನುವ ಭಯ ಇದ್ದವರು ಚಿತ್ರಗಳ ನಕಲು ಇಡಲು ಒಂದು ಸಣ್ಣ ಎಸ್‌ಎಸ್‌ಡಿ, ಫೋನಿಗೆ ಕಾರ್ಡ್ ರೀಡರ್ ಇಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ, ಅನುಮತಿ ಇಲ್ಲದೆ ಈ ಮೂರೂ ದೇಶಗಳ ಪಾರ್ಕ್‌ಗಳಲ್ಲಿ ಹಾರಿಸುವ ಹಾಗಿಲ್ಲ.

ಹೆಚ್ಚಾದದ್ದನ್ನು ಏನು ಮಾಡುವುದು

ಇಷ್ಟೆಲ್ಲಾ ಮಾಡಿಯೂ 15 ದಾಟಿದರೆ ನಾಲ್ಕು ದಾರಿಗಳಿವೆ.

ಊರಲ್ಲೇ ಬಿಟ್ಟು ಹೋಗುವುದು ಸುಲಭದ್ದು. ನೈರೋಬಿಯಲ್ಲಿ ಉಳಿದ ಹೋಟೆಲ್ಲಿನವರೋ ಟೂರ್ ಕಂಪನಿಯವರೋ ಬ್ಯಾಗ್ ಇಟ್ಟುಕೊಳ್ಳುತ್ತಾರೆ. ಆದರೆ ಅದೇ ಊರಿಗೆ ವಾಪಸ್ ಬರುವವರಿಗೆ ಮಾತ್ರ ಇದು ಉಪಯೋಗ. ಸೆರೆಂಗೆಟಿಯಿಂದ ನೇರವಾಗಿ ಜಾಂಜಿಬಾರಿಗೆ ಹೋಗಿ ಅಲ್ಲಿಂದಲೇ ಊರಿಗೆ ಹಾರುವವರ ಟ್ರಾಲಿ ಸಫಾರಿ ಶುರುವಾದ ಅರುಷಾದಲ್ಲೇ ಕೂತಿರುತ್ತದೆ.

ಎರಡನೆಯದು, ಕೌಂಟರಿನಲ್ಲಿ ಹೆಚ್ಚಿನ ತೂಕಕ್ಕೆ ದುಡ್ಡು ಕೊಡುವುದು. ಇದನ್ನು ನಂಬಬೇಡಿ. ವಿಮಾನದಲ್ಲಿ ಜಾಗ ಇದ್ದರೆ ಮಾತ್ರ ಒಯ್ಯುತ್ತಾರೆ. ಜುಲೈಯಿಂದ ಅಕ್ಟೋಬರ್‌ವರೆಗೆ ವಿಲ್ಡೆಬೀಸ್ಟ್ (ದನದಂತೆ ಕಾಣುವ ಎರಳೆ) ಹಿಂಡು ನದಿ ದಾಟುವ ಕಾಲದಲ್ಲಿ ಮಾರಾ ವಿಮಾನಗಳು ತುಂಬಿ ತುಳುಕುತ್ತವೆ.

ಮೂರನೆಯದು, ಸಾಮಾನಿಗೇ ಒಂದು ಸೀಟು ಕೊಳ್ಳುವುದು. ಎಫ್/4 ತರುವವರಿಗೆ ಇದೇ ಸರಿ. ಇಬ್ಬರು ಮೂವರು ಸೇರಿ ಒಂದು ಸೀಟನ್ನು ಹಂಚಿಕೊಂಡರೆ ಅಷ್ಟೇನೂ ಭಾರವಾಗದು. ಬುಕಿಂಗ್ ಮಾಡುವಾಗಲೇ ಮಾಡಿಸಬೇಕು, ಬೆಳಿಗ್ಗೆ ವಿಲ್ಸನ್‌ಗೆ ಹೋಗಿ ಕೇಳಿದರೆ ಆಗದು.

ನಾಲ್ಕನೆಯದು ರಸ್ತೆ. ನೈರೋಬಿಯಿಂದ ಮಾಯ್ ಮಹಿಯು ಇಳಿಜಾರು, ನರೋಕ್ ಊರು ದಾಟಿ ಸೆಕೆನಾನಿ ಗೇಟಿಗೆ ಐದಾರು ಗಂಟೆ. ವಿಮಾನದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಲ್ಯಾಂಡ್ ಕ್ರೂಸರಿನಲ್ಲಿ ತೂಕ ಕೇಳುವವರಿಲ್ಲ. ರಿಫ್ಟ್ ಕಣಿವೆಯ ಅಂಚಿನಲ್ಲಿ ನಿಂತು ಚಹಾ ಕುಡಿಯಬಹುದು. ಮಾರಾ ಒಂದೇ ನೋಡುವ, ಭಾರದ ಲೆನ್ಸ್ ಇರುವ ನಾಲ್ಕಾರು ಜನರ ಗುಂಪಿಗೆ ನಾನು ರಸ್ತೆಯನ್ನೇ ಹೇಳುತ್ತೇನೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹಾರಿ ಹೋಗಲಿ. ಅಂಬೋಸೆಲಿ, ಸಂಬೂರು, ಮಾರಾ ಮೂರನ್ನೂ ಒಂದೇ ಸಲ ನೋಡುವವರೂ ಅಷ್ಟೇ, ರಸ್ತೆ ಹಿಡಿದರೆ ಅರ್ಧ ರಜೆ ಗಾಡಿಯಲ್ಲೇ ಮುಗಿಯುತ್ತದೆ.

ಎರಡನ್ನೂ ಬೆರೆಸುವ ಉಪಾಯವೂ ಇದೆ. ನೀವು ವಿಮಾನದಲ್ಲಿ ಹೋಗಿ, ಡ್ರೈವರ್-ಗೈಡ್ ನಿಮ್ಮ ಭಾರದ ಸಾಮಾನು ತುಂಬಿಕೊಂಡು ರಸ್ತೆಯಲ್ಲಿ ಬಂದು ಏರ್‌ಸ್ಟ್ರಿಪ್ಪಿನಲ್ಲಿ ಸಿಗುವುದು. ಖಾಸಗಿಯಾಗಿ ಗಾಡಿ ಗೊತ್ತುಮಾಡಿಕೊಂಡವರು ಕೇಳಿದರೆ ಮಾಡಿಕೊಡುತ್ತಾರೆ. ಕ್ಯಾಮೆರಾ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಒಕವಾಂಗೊದ ಬಹಳಷ್ಟು ಕಡೆ ರಸ್ತೆಯ ಆಯ್ಕೆಯೇ ಇಲ್ಲ. ಅಂಗೋಲಾದ ಎತ್ತರದ ನಾಡಿನಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು ಬಂದು, ಜೂನ್‌ನಿಂದ ಆಗಸ್ಟ್ ಹೊತ್ತಿಗೆ ಡೆಲ್ಟಾ ತುಂಬುತ್ತದೆ. ನೀರಿನ ಮಧ್ಯದ ಎಷ್ಟೋ ಕ್ಯಾಂಪ್‌ಗಳಿಗೆ ಆಗ ಆಕಾಶವೇ ದಾರಿ.

ಬಟ್ಟೆ, ತಿಂಡಿ, ಕವರ್

ಇದನ್ನು ಬೇಗ ಮುಗಿಸೋಣ. ಬಹಳಷ್ಟು ಕ್ಯಾಂಪ್‌ಗಳಲ್ಲಿ ಬಟ್ಟೆ ಒಗೆದು ಕೊಡುತ್ತಾರೆ, ಹಲವೆಡೆ ಬಾಡಿಗೆಯಲ್ಲೇ ಸೇರಿರುತ್ತದೆ. ಕೆಲವು ಕಡೆ ಒಳಉಡುಪು ಒಗೆಯುವುದಿಲ್ಲ, ಟೆಂಟಿನಲ್ಲಿ ಸೋಪಿನ ಪುಡಿ ಇಟ್ಟಿರುತ್ತಾರೆ. ಒಂದೇ ರಾತ್ರಿ ಉಳಿಯುವ ಕಡೆ ಒಗೆಯಲು ಕೊಡಬೇಡಿ, ಮೋಡ ಕವಿದರೆ ಒಣಗುವುದಿಲ್ಲ. ಮೂರು ಜೊತೆ ಸಾಕು. ಜೀನ್ಸ್ ಬೇಡ, ಅದು ಭಾರ, ಒಣಗುವುದೂ ತಡ. ಟ್ರೆಕ್ಕಿಂಗ್ ಪ್ಯಾಂಟ್ ಎರಡು ಒಯ್ಯಿರಿ.

ಚಳಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಆಫ್ರಿಕಾ ಅಂದರೆ ಸೆಖೆ ಅಂದುಕೊಂಡವರು ಟಾಂಜಾನಿಯಾದ ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ, 2,300 ಮೀಟರ್ ಎತ್ತರದಲ್ಲಿ, ಗಡಗಡ ನಡುಗುತ್ತಾರೆ. ದಪ್ಪ ಜಾಕೆಟ್ ಒಂದರ ಬದಲು ತೆಳ್ಳನೆಯ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಒಳ್ಳೆಯದು. ಅದನ್ನು ಪ್ಯಾಕ್ ಮಾಡುವ ಬದಲು ಹಾಕಿಕೊಂಡೇ ಹೋಗಿ, ಬೆಳಗಿನ ವಿಮಾನದಲ್ಲಿ ಹೇಗೂ ಬೇಕು.

ಬಣ್ಣದ ವಿಷಯ. ಕಡುನೀಲಿ, ಕಪ್ಪು ಬಟ್ಟೆಗೆ ಕಚ್ಚುವ ತ್ಸೆತ್ಸೆ ನೊಣ ಬರುತ್ತದೆ. ಕಬಿನಿಗೆ ಹಾಕಿಕೊಂಡು ಹೋಗುವ ಮಿಲಿಟರಿ ಚಿತ್ತಾರದ ಪ್ಯಾಂಟು ಟೋಪಿ ಬೇಡವೇ ಬೇಡ. ಜಿಂಬಾಬ್ವೆ, ಜಾಂಬಿಯಾ, ಬೋಟ್ಸ್‌ವಾನಾದಲ್ಲಿ ಅದು ಸೈನ್ಯದವರಿಗಷ್ಟೇ, ಪೊಲೀಸರು ತಡೆಯಬಹುದು.

ಇನ್ನು ಚಟ್ನಿಪುಡಿ. ಕೆನ್ಯಾದಲ್ಲಿ ಭಾರತೀಯರು ತಲೆಮಾರುಗಳಿಂದ ಇದ್ದಾರೆ, ಚಪಾತಿ ಅಲ್ಲಿಯವರ ದಿನನಿತ್ಯದ ಊಟ. ಸಸ್ಯಾಹಾರಿ ಅಂತ ಮೊದಲೇ ಹೇಳಿದರೆ ಕ್ಯಾಂಪಿನವರು ದಾಲ್, ಪಲ್ಯ ಮಾಡಿಕೊಡುತ್ತಾರೆ. ಒಂದು ವಾರದ ರೆಡಿಮೇಡ್ ಪೊಟ್ಟಣ ಹೊರುವ ಅಗತ್ಯ ಇಲ್ಲ. ಚಟ್ನಿಪುಡಿ ಕಾಲು ಕಿಲೋ, ಸ್ಟೀಲ್ ಡಬ್ಬಿಯಲ್ಲಿ ಬೇಡ. ಅಷ್ಟಕ್ಕೆ ನನ್ನ ಅನುಮತಿ ಉಂಟು.

ನಾವು ಚಪ್ಪಲಿಯಿಂದ ಹಿಡಿದು ಟವೆಲ್‌ವರೆಗೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತುವ ಜನ, ಅಲ್ವಾ? ಕೆನ್ಯಾ 2017ರ ಆಗಸ್ಟ್‌ನಲ್ಲಿ, ಟಾಂಜಾನಿಯಾ 2019ರ ಜೂನ್‌ನಲ್ಲಿ ಕವರ್‌ಗಳನ್ನು ನಿಷೇಧಿಸಿವೆ. 2020ರ ಜೂನ್‌ನಿಂದ ಕೆನ್ಯಾದ ರಾಷ್ಟ್ರೀಯ ಉದ್ಯಾನಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವ ಹಾಗಿಲ್ಲ. ಮದುವೆಮನೆಯಲ್ಲಿ ಕೊಟ್ಟ ತಾಂಬೂಲದ ಬಟ್ಟೆ ಚೀಲಗಳು ಮನೆಯಲ್ಲಿ ಕಟ್ಟುಗಟ್ಟಲೆ ಬಿದ್ದಿರುತ್ತವೆ. ಒಗೆಯುವ ಬಟ್ಟೆಗೊಂದು, ಚಪ್ಪಲಿಗೊಂದು, ಚಾರ್ಜರ್‌ಗೊಂದು. ದುಡ್ಡು ಕೊಟ್ಟು ಪ್ಯಾಕಿಂಗ್ ಕ್ಯೂಬ್ ಕೊಳ್ಳುವುದಕ್ಕಿಂತ ಇವೇ ಹಗುರ.

ಕೈಚೀಲದಲ್ಲಿ ಒಂದು ದಿನದ ಬಟ್ಟೆ, ಔಷಧಿ, ಪವರ್ ಬ್ಯಾಂಕ್ ಇರಲಿ. ಒಂದೇ ವಿಮಾನ ಮೂರು ನಾಲ್ಕು ಏರ್‌ಸ್ಟ್ರಿಪ್ಪಿನಲ್ಲಿ ಇಳಿದು ಹೋಗುತ್ತದೆ. ನಿಮ್ಮ ಡಫಲ್ ಹಿಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟರೆ ಅದು ಬಂದು ಸೇರಲು ಮರುದಿನ ಆಗಬಹುದು. ಹಳದಿ ಜ್ವರದ ಲಸಿಕೆಯ ಕಾರ್ಡೂ ಅಲ್ಲೇ ಇರಲಿ, ಕೆನ್ಯಾದಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲಿ ಕೇಳುತ್ತಾರೆ.

ಮಸಾಯಿ ಹೊದಿಕೆ, ಮಣಿಸರ, ಮರದ ಜಿರಾಫೆ ಇವನ್ನೆಲ್ಲ ಕೊನೆಯ ದಿನ ನೈರೋಬಿಯಲ್ಲಿ ಕೊಳ್ಳಿ. ಕ್ಯಾಂಪಿನ ಅಂಗಡಿಯಲ್ಲಿ ಕೊಂಡರೆ ವಾಪಸ್ ಬರುವ ವಿಮಾನಕ್ಕೂ ಅದೇ 15 ಕಿಲೋ.